ಎಂಟುನೂರ ಮೂವತ್ತೊಂದು ಅಂಕದ ನಪಾಸು

ಒಂಬೈನೂರಕ್ಕೆ ಎಂಟುನೂರ ಮೂವತ್ತೊಂದು ಅಂಕ ತೆಗೆದು ನಪಾಸಾದವರನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಬೀದರಿಗೆ ಬನ್ನಿ, ನಮ್ಮ ಸೋದರತ್ತೆಯನ್ನು ತೋರಿಸುತ್ತೇನೆ. ಬರುವಾಗ ಉಗುರು ಕತ್ತರಿಸಿಕೊಂಡು ಬಂದರೆ ನಿಮಗೇ ಕ್ಷೇಮ. ಏಕೆಂದರೆ ಅವರು ನಿಮ್ಮ ಹೆಸರು ಕೇಳುವ ಮೊದಲು ಉಗುರು ನೋಡುತ್ತಾರೆ!

ನನ್ನ ತಂದೆಯ ಅಕ್ಕ ಅವರು. ಔರಾದ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತೈದು ವರ್ಷ ನರ್ಸ್ ಆಗಿದ್ದರು. ನಿವೃತ್ತರಾದ ಮೇಲೆ ಬೀದರಿನಲ್ಲಿ ಚರ್ಚಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡು ಒಬ್ಬರೇ ಇದ್ದಾರೆ. ಒಬ್ಬರೇ ಅಂದೆನೇ? ಅದು ಮತದಾರರ ಪಟ್ಟಿಯ ಪ್ರಕಾರ ಮಾತ್ರ. ಬಿಪಿ ನೋಡಿಸಿಕೊಳ್ಳುವವರು, ಗುಳಿಗೆ ಯಾವುದು ಮೊದಲು ಯಾವುದು ಆಮೇಲೆ ಎಂದು ಕೇಳುವವರು, ಸುಮ್ಮನೆ ಬೈಸಿಕೊಂಡು ಹೋಗಲು ಬಂದವರು, ಎಲ್ಲರನ್ನೂ ಲೆಕ್ಕ ಹಿಡಿದರೆ ಅದು ಇಡೀ ಓಣಿಯಲ್ಲೇ ದೊಡ್ಡ ಕುಟುಂಬ.

ಅವರಿಗೊಂದು ವಿಚಿತ್ರ ಅಭ್ಯಾಸವಿದೆ. ಎದುರಿಗೆ ಕೂತವರ ಮಣಿಕಟ್ಟು ಹಿಡಿದುಕೊಂಡೇ ಮಾತಾಡುತ್ತಾರೆ. ನೋಡಿದವರಿಗೆ ಅದು ಪ್ರೀತಿ ಅನ್ನಿಸುತ್ತದೆ. ಪ್ರೀತಿಯಲ್ಲ, ತಪಾಸಣೆ! "ಬಾಯಿ ಏನ್ ಬೇಕಾದ್ದು ಹೇಳ್ತದ, ನಾಡಿ ಖರೇ ಹೇಳ್ತದ" ಎಂಬುದು ಅವರ ಸಿದ್ಧಾಂತ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ "ಎಲ್ಲಾ ಓದೇನಿ ಅತ್ತಿ" ಎಂದು ಹೇಳಿ, ಹಿಡಿದ ಕೈ ಬಿಡಿಸಿಕೊಳ್ಳಲಾಗದೆ, "ಇಲ್ಲ, ಎರಡು ಪಾಠ ಉಳದಾವ" ಎಂದು ನಾನಾಗಿಯೇ ಒಪ್ಪಿಕೊಂಡಿದ್ದೆ. ನಮ್ಮ ವಂಶದಲ್ಲಿ ಸುಳ್ಳು ಹೇಳಿ ಬಚಾವಾದವರೆಂದರೆ ತುಂಬುತೋಳಿನ ಅಂಗಿಯ ಗುಂಡಿ ಗಟ್ಟಿಯಾಗಿ ಹಾಕಿಕೊಂಡ ನಮ್ಮ ಚಿಕ್ಕಪ್ಪ ಒಬ್ಬರೇ.

ಮದುವೆ ಯಾಕೆ ಆಗಲಿಲ್ಲ ಎಂದು ಕೇಳುತ್ತೀರಾ? ಒಮ್ಮೆ ಒಬ್ಬರು ಹೆಣ್ಣು ನೋಡಲು ಬಂದಿದ್ದರಂತೆ. ಅತ್ತೆ ಚಹಾದ ತಟ್ಟೆ ಹಿಡಿದು ಬಂದವರು ವರನ ಕಣ್ಣು ನೋಡಿದ್ದೇ ತಟ್ಟೆಯನ್ನು ವಾಪಸ್ ಒಳಗೆ ಒಯ್ದರು. ಹೊರಬಂದಾಗ ಅವರ ಕೈಯಲ್ಲಿ ಒಂದು ಚೀಟಿ ಇತ್ತು. "ಚಹಾ ಬ್ಯಾಡ. ಕಣ್ಣು ಹಳದಿ ಆಗ್ಯಾವ. ನಾಳಿ ಮುಂಜಾನಿ ಈ ರಕ್ತಪರೀಕ್ಷೆ ಮಾಡಸ್ರಿ." ವರನಿಗೆ ನಿಜಕ್ಕೂ ಕಾಮಾಲೆಯಾಗಿತ್ತು! ಮೂರು ತಿಂಗಳು ಪಥ್ಯ ಮಾಡಿ ಗುಣಮುಖರಾಗಿ ಬೇರೆಯವರನ್ನು ಮದುವೆಯಾದರು. ಇವತ್ತಿಗೂ ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ತಪ್ಪದೆ ಕೇಕು ಬರುತ್ತದೆ. ಮದುವೆಯಾದ ಎಷ್ಟು ಗಂಡಂದಿರು ಇಷ್ಟು ನಿಯತ್ತಾಗಿ ಕೇಕು ತರುತ್ತಾರೆ, ಹೇಳಿ ನೋಡೋಣ!

ಅರವತ್ತೊಂದನೆಯ ವಯಸ್ಸಿನಲ್ಲಿ ಅತ್ತೆ ಸ್ಕೂಟರ್ ಕಲಿತರು. ಬೀದರಿನ ಜನ ಕೋಟೆಯನ್ನು ನೋಡುವುದು ಬಿಟ್ಟು ಕೋಟೆಯ ಬಯಲಿನಲ್ಲಿ ಅವರನ್ನು ನೋಡಲು ನಿಂತಿದ್ದರು. ವೇಗ ಇಪ್ಪತ್ತನ್ನು ದಾಟುವುದಿಲ್ಲ, ಆದರೆ ಹಾರನ್ ಮಾತ್ರ ಮನೆಯಿಂದ ಹೊರಟಾಗ ಒತ್ತಿದ್ದನ್ನು ಮುಟ್ಟುವ ಜಾಗ ಬಂದಾಗಲೇ ಬಿಡುವುದು. "ಅಂಬುಲೆನ್ಸಿನ್ಯಾಗ ಕೂತು ರೂಢಿ ಆಗ್ಯಾದ" ಎನ್ನುತ್ತಾರೆ. ಆ ಸ್ಕೂಟರಿಗೆ ಸಾಲ ಮಾಡಿದ್ದರು. ಪ್ರತಿ ತಿಂಗಳ ಒಂದನೆಯ ತಾರೀಖು ಬ್ಯಾಂಕಿನ ಷಟರ್ ಏಳುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದರು. ಅಲ್ಲಿಯ ಕಾವಲುಗಾರ ಗಡಿಯಾರಕ್ಕೆ ಸೆಲ್ ಹಾಕಿಸುವುದನ್ನೇ ಬಿಟ್ಟಿದ್ದ.

ಈಗ ಆ ಅಂಕಗಳ ಕಥೆಗೆ ಬರುತ್ತೇನೆ.

ನಾನು ಭಾಲ್ಕಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಒಂದು ಭಾನುವಾರ ಬೀದರಿಗೆ ಬಂದಾಗ, ಸಾಲ ತೀರಿಸುವ ನಮ್ಮ ಶಿಸ್ತಿಗೆ ಅಂಕ ಕೊಡುವ ಪದ್ಧತಿ ಇದೆಯೆಂದು ಅತ್ತೆಗೆ ಹೇಳಿ, ಅವರದೇ ಮೊಬೈಲಿನಲ್ಲಿ ತೆಗೆದು ತೋರಿಸಿದೆ. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಎಂಟುನೂರ ಮೂವತ್ತೊಂದು ಮೂಡಿತು.

"ಎಷ್ಟಕ್ಕ?" ಅಂದರು.

"ಒಂಬೈನೂರಕ್ಕ."

"ನಿಂದೆಷ್ಟು?"

"ಏಳುನೂರ ಹನ್ನೆರಡು."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಕ್ಕಳಿಗಿ ಹ್ಯಾಂಗ ಕಲಸ್ತಿ?" ಅಂದರು.

ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಭಾನುವಾರ ಆರಾಧನೆಯಲ್ಲಿ ಸಾಕ್ಷಿ ಹೇಳುವ ಹೊತ್ತು ಬಂತು. ಒಬ್ಬರು ಮಗನಿಗೆ ನೌಕರಿ ಸಿಕ್ಕಿದ್ದಕ್ಕೆ, ಇನ್ನೊಬ್ಬರು ಮೂತ್ರಕೋಶದ ಕಲ್ಲು ಕರಗಿದ್ದಕ್ಕೆ ದೇವರನ್ನು ಸ್ತುತಿಸಿ ಕೂತರು. ಆಮೇಲೆ ಮೂರನೆಯ ಬೆಂಚಿನಿಂದ ನಮ್ಮ ಅತ್ತೆ ಎದ್ದರು. "ಕರ್ತನ ಕೃಪೆಯಿಂದ ನನಗ ಎಂಟುನೂರ ಮೂವತ್ತೊಂದು ಬಂದದ!" ಸಭೆಯಲ್ಲಿ ಅರ್ಧ ಜನ ಅದು ಸಕ್ಕರೆ ಕಾಯಿಲೆಯ ಅಂಕಿ ಎಂದು ತಿಳಿದು ಗಾಬರಿಯಾದರು. ಹಿಂದಿನ ಸಾಲಿನ ಅಜ್ಜಿಯೊಬ್ಬರು "ಅಯ್ಯೋ, ಇನ್ನಾ ನಿಂತಾಳಲ್ಲ!" ಎಂದು ಕಣ್ಣೀರು ಹಾಕಿದರು. ವಿಷಯ ತಿಳಿಯಾದ ಮೇಲೆ ಸಭಾಪಾಲಕರು ಗಂಭೀರವಾಗಿ "ಆಮೆನ್" ಅಂದರು. ಆರಾಧನೆ ಮುಗಿದ ಕೂಡಲೇ ಅವರು ಅತ್ತೆಯನ್ನು ಬದಿಗೆ ಕರೆದು ಮೆಲ್ಲಗೆ, "ನಂದೆಷ್ಟದ ಜರಾ ನೋಡಸ್ತೀರಾ?" ಎಂದು ಕೇಳಿದ್ದನ್ನೂ ನಾನು ಕಂಡೆ.

ಇಷ್ಟು ಅಂಕವಿದ್ದವರಿಗೆ ಕ್ರೆಡಿಟ್ ಕಾರ್ಡಿನ ಆಸೆ ಹುಟ್ಟಿದ್ದು ಫ್ರಿಜ್ಜಿನ ದೆಸೆಯಿಂದ. ಹಳೆಯ ಫ್ರಿಜ್ ಬೇಸಿಗೆಯ ಹೊಸ್ತಿಲಲ್ಲೇ ಸತ್ತುಹೋಯಿತು. ಹೊಸದು ನೋಡಲು ಅಂಗಡಿಗೆ ಹೋದರೆ, ಕ್ರೆಡಿಟ್ ಕಾರ್ಡ್ ಇದ್ದವರಿಗೆ ರಿಯಾಯಿತಿ ಎಂದು ಬೋರ್ಡು ಹಾಕಿದ್ದರು. ಅತ್ತೆಯ ಕೈಯಲ್ಲಿ ನಗದು ಹಣವೇ ಇತ್ತು. ಆದರೆ ಮಾರುವಾತ ನಕ್ಕು, "ಆಂಟಿ, ಕಾರ್ಡ್ ಸಿಗ್ಲಾಕ ಸ್ಕೋರ್ ಚೊಲೋ ಇರಬೇಕಾಗ್ತದ, ಎಲ್ಲರಿಗೂ ಕೊಡಂಗಿಲ್ಲ" ಎಂದುಬಿಟ್ಟ. ಪಾಪ, ಯಾರ ಮುಂದೆ ಆಡುತ್ತಿದ್ದೇನೆ ಎಂದು ಅವನಿಗೆ ಹೇಗೆ ಗೊತ್ತಿರಬೇಕು!

"ಕಾರ್ಡ್ ತಗೊಂಡೇ ಬರ್ತೇನಿ. ಅಲ್ಲಿತನ ನಿನ್ನ ಫ್ರಿಜ್ ಇಲ್ಲೇ ನಿಂದರಲಿ" ಎಂದು ಹೇಳಿ ಹೊರಟು ಬಂದರು.

ಬೀದರಿನ ಬಿಸಿಲು ನಿಮಗೆ ಗೊತ್ತಲ್ಲ, ಬೆಳಗಿನ ಹಾಲು ಮಧ್ಯಾಹ್ನಕ್ಕೆ ತಾನಾಗಿಯೇ ಮೊಸರಾಗುತ್ತದೆ, ಸಂಜೆಗೆ ಅದೇ ಮೊಸರು ನಮ್ಮನ್ನು ನೋಡಿ ಹುಳಿ ಮುಖ ಮಾಡುತ್ತದೆ. ಆದರೂ ಅತ್ತೆ ಮಣಿಯಲಿಲ್ಲ. ಹಾಲು ಎಡಗಡೆಯ ಮನೆಯ ಫ್ರಿಜ್ಜಿನಲ್ಲಿ, ಕಾಯಿಪಲ್ಯ ಬಲಗಡೆಯ ಮನೆಯಲ್ಲಿ, ಮೀನು ಎದುರುಮನೆಯಲ್ಲಿ. ಎದುರುಮನೆಯವರು ಶುದ್ಧ ಶರಣರು, ಮೀನು ಮುಟ್ಟದವರು. ಎರಡು ದಿನ ಸುಮ್ಮನಿದ್ದ ಆ ಮನೆಯ ಅಮ್ಮ ಮೂರನೆಯ ದಿನ ಕೈಮುಗಿದರು. "ಸಿಸ್ಟರ್, ನಿಮಗ ಬ್ಯಾಡ ಅನ್ನಲಾಕ ಆಗವಲ್ದು, ಆದರ ಅದು ನಮ್ಮ ಕಡಿ ಕಣ್ಣು ಬಿಟ್ಕೊಂಡು ನೋಡ್ಲತದರಿ!" ಮೀನಿನ ಸ್ಥಳಾಂತರವಾಯಿತು.

ಬೀದರಿನ ಒಂದು ಬ್ಯಾಂಕಿನಲ್ಲಿ ಕಾರ್ಡಿಗೆ ಅರ್ಜಿ ಹಾಕಿದೆವು. ಫೋಟೋ ತೆಗೆಸಲು ಅತ್ತೆ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಬಂದರು. ಹದಿನೈದು ದಿನವಾದ ಮೇಲೆ ಸಂದೇಶ ಬಂತು. 'ವಿಷಾದಿಸುತ್ತೇವೆ. ನಮ್ಮ ಆಂತರಿಕ ನೀತಿಯ ಪ್ರಕಾರ ತಮ್ಮ ಅರ್ಜಿಯನ್ನು ಪುರಸ್ಕರಿಸಲಾಗುತ್ತಿಲ್ಲ.'

ಅತ್ತೆ ಅದನ್ನು ಮೂರು ಸಲ ಓದಿದರು. "ಆಂತರಿಕ ಅಂದರ ಏನು? ಒಳಗಿಂದೇ? ಒಳಗಿನ ರೋಗ ಆದರ ಹೆಸರು ಹೇಳಲಿ, ಔಷಧ ನನಗ ಗೊತ್ತದ!"

ವಿಚಾರಣೆಯ ನಂಬರಿಗೆ ಫೋನು ಮಾಡಿದರು. ಅದನ್ನು ಒತ್ತಿ, ಇದನ್ನು ಒತ್ತಿ, ಸಂಗೀತ ಕೇಳಿ, ಕೊನೆಗೆ ಯಾವುದೋ ದೂರದ ಊರಿನ ಹುಡುಗಿ ಹಿಂದಿಯಲ್ಲಿ ಮಾತಾಡಿದಳು. ಕಾರಣ ಹೇಳಲು ತನಗೆ ಅಧಿಕಾರವಿಲ್ಲ ಅಂದಳು. ಅತ್ತೆ ನಮ್ಮ ಬೀದರಿನ ದಖನಿ ಉರ್ದುವಿನಲ್ಲಿ, "ಬೇಟಾ, ಅದು ಇರಲಿ, ನಿನ್ನ ಗಂಟಲು ಎಷ್ಟು ದಿನದಿಂದ ಕಟ್ಟಿದೆ?" ಎಂದು ಕೇಳಿದರು. ಆಮೇಲೆ ಇಪ್ಪತ್ತು ನಿಮಿಷ ಆ ಹುಡುಗಿ ತನ್ನ ಗಂಟಲಿನ ಕಥೆ, ಹಾಸ್ಟೆಲಿನ ನೀರಿನ ಕಥೆ, ಅಮ್ಮ ದೂರವಿರುವ ಕಥೆ ಎಲ್ಲವನ್ನೂ ಹೇಳಿದಳು. ಕಾರಣ ಒಂದನ್ನು ಬಿಟ್ಟು!

ನನಗಂತೂ ಗಾಯದ ಮೇಲೆ ಉಪ್ಪು ಬೀಳುವುದು ಬಾಕಿ ಇತ್ತು. ಅದೇ ವಾರ, ನಾನು ಕೇಳದೆಯೇ, ಏಳುನೂರ ಹನ್ನೆರಡರ ನನಗೆ ಒಂದು ಕಾರ್ಡು ಅಂಚೆಯಲ್ಲಿ ಬಂತು! ನಾನು ಅದನ್ನು ಕದ್ದ ಮಾಲಿನಂತೆ ಬ್ಯಾಗಿನ ತಳದಲ್ಲಿಟ್ಟೆ. ಅತ್ತೆ ಕೈ ಹಿಡಿದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. "ನಿನಗ ಏನೋ ಆಗ್ಯಾದ, ಇಸಿಜಿ ಮಾಡಸು" ಅಂದರು.

ಕೊನೆಗೆ ರಜೆ ಹಾಕಿ ಅವರನ್ನು ಬೀದರಿನ ಆ ಬ್ಯಾಂಕಿಗೆ ನಾನೇ ಕರೆದುಕೊಂಡು ಹೋದೆ. ಅಧಿಕಾರಿ ತರುಣ, ದಾವಣಗೆರೆ ಕಡೆಯವನು, ಮೆತ್ತಗಿನ ಮಾತು. "ಕಾರಣ ಕೇಂದ್ರ ಕಚೇರಿಯವರಿಗೇ ಗೊತ್ತು ಮೇಡಂ, ನನ್ನ ಕೈಯಲ್ಲಿ ಏನೂ ಇಲ್ಲ" ಅಂದ.

"ಕೈಯಾಗ ಏನದ ನೋಡೋಣು" ಎಂದು ಅತ್ತೆ ಮೇಜಿನ ಮೇಲಿನಿಂದಲೇ ಅವನ ಮಣಿಕಟ್ಟು ಹಿಡಿದರು.

ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಆತ ತನಗೆ ಇಲ್ಲಿಗೆ ವರ್ಗವಾದಾಗಿನಿಂದ ನಿದ್ದೆಯಿಲ್ಲ, ಹೋಟೆಲಿನ ಖಾರ ಹೊಟ್ಟೆಗೆ ಒಗ್ಗುತ್ತಿಲ್ಲ ಎಂದು ಹೇಳುತ್ತಿದ್ದ. ಅತ್ತೆ ಜೋಳದ ಅಂಬಲಿ ಹೇಳಿಕೊಟ್ಟರು, ಎಡಮಗ್ಗುಲಾಗಿ ಮಲಗಲು ಹೇಳಿದರು. ಆತ ಮೂಗು ಒರೆಸಿಕೊಂಡು, ಅತ್ತೆಯ ಸಹಿ ತೆಗೆದುಕೊಂಡು ಅವರ ಪೂರ್ತಿ ವರದಿಯನ್ನು ಅಲ್ಲೇ ತೆಗೆಸಿದ. ಪುಟ ತಿರುವುತ್ತ ಹೋದಂತೆ ಅವನ ಹುಬ್ಬು ಮೇಲೇರುತ್ತ ಹೋಯಿತು.

"ಅಮ್ಮಾ, ನೀವು ಏಳು ಸಾಲಕ್ಕೆ ಜಾಮೀನು ನಿಂತಿದ್ದೀರಾ?"

"ಏಳೇ ಅದಾವ? ಮುಗದದ್ದು ಬಿಟ್ಟಿರಬೇಕು ಹಂಗಾರ."

ಏಳು! ನಾನು ಕುರ್ಚಿಯ ತುದಿಗೆ ಬಂದೆ. ಮನೆಯವರಿಗೆ ಯಾರಿಗೂ ಇದರ ಸುಳಿವೇ ಇರಲಿಲ್ಲ. ವರದಿಯಲ್ಲಿ ಸಾಲಗಾರರ ಹೆಸರಿರಲಿಲ್ಲ, ಸಾಲದ ಬಗೆ ಮಾತ್ರ ಇತ್ತು. ಆತ ಒಂದೊಂದೇ ಓದಿದ, ಅತ್ತೆ ಹಾಜರಿ ಕೂಗಿದರು.

"ಕಿರು ಉದ್ಯಮ ಸಾಲ."

"ಚಿಂತಾಕಿ. ಹಿಟ್ಟಿನ ಗಿರಣಿ. ಗಂಡ ಸತ್ತಾಕಿ."

"ಹೈನುಗಾರಿಕೆ."

"ಡಾಬಕಾ. ನಾಕು ಎಮ್ಮಿ."

"ಶಿಕ್ಷಣ ಸಾಲ."

"ಖಟಕ ಚಿಂಚೋಳಿ ಹುಡುಗಿ. ನರ್ಸಿಂಗ್ ಓದ್ಲತಾಳ. ಜಾಣಿ ಅದಾಳ, ಕೈ ಮಾತ್ರ ಜರಾ ಒರಟು."

"ವಾಹನ ಸಾಲ, ಮೂರು ಚಕ್ರ."

"ಭಾಲ್ಕಿ ಆಟೋ."

ಹೊಲಿಗೆ ಯಂತ್ರಗಳು ಔರಾದಿನವು, ಮನೆ ಸಾಲ ಆಸ್ಪತ್ರೆಯ ಆಯಾಳದು. ಏಳನೆಯದು ದ್ವಿಚಕ್ರ. ಅಲ್ಲಿ ಮಾತ್ರ ಅತ್ತೆ ದನಿ ತಗ್ಗಿಸಿದರು. "ಅದು ನಮ್ಮ ಸಭಾಪಾಲಕರದು. ಹೊರಗ ಹೇಳಬ್ಯಾಡ್ರಿ." ಸಭಾಪಾಲಕರೇ, ಕ್ಷಮಿಸಿ. ಅತ್ತೆ ಹೇಳಬೇಡಿ ಎಂದದ್ದು ಬ್ಯಾಂಕಿನವರಿಗೆ, ನನಗಲ್ಲ!

ಅಧಿಕಾರಿ ಪೆನ್ನು ಕೆಳಗಿಟ್ಟ. "ಒಂದರಲ್ಲೂ ಒಂದು ದಿನ ತಡ ಆಗಿಲ್ಲ ಅಮ್ಮ. ಅದಕ್ಕೇ ನಿಮ್ಮ ಸ್ಕೋರ್ ಇಷ್ಟು ಚೆನ್ನಾಗಿದೆ. ಆದರೆ ನಮ್ಮ ನಿಯಮದಲ್ಲಿ ಜಾಮೀನು ನಿಂತ ಸಾಲವೂ ನಿಮ್ಮ ತಲೆಗೇ ಬರುತ್ತೆ. ನಿಮ್ಮ ಪಿಂಚಣಿಗೆ ಹೋಲಿಸಿದರೆ, ಕಾಗದದ ಮೇಲೆ ನೀವು ದೊಡ್ಡ ಸಾಲಗಾರರು."

ತಡ ಹೇಗಾದೀತು? ಅತ್ತೆ ಪ್ರತಿ ತಿಂಗಳು ಒಂದನೆಯ ತಾರೀಖು ಏಳೂ ಜನರಿಗೆ ಫೋನು ಮಾಡುತ್ತಾರಂತೆ. "ಬಿಪಿ ಗುಳಿಗಿ ತಗೊಂಡಿ? ಕಂತು ಕಟ್ಟಿದಿ?" ಎಂದು ಒಂದೇ ಉಸಿರಿನಲ್ಲಿ ಕೇಳುತ್ತಾರಂತೆ. ಬಿಪಿ ಇಲ್ಲದವರಿಗೂ ಆ ಫೋನಿನಿಂದಲೇ ಬಿಪಿ ಬಂದಿರಬೇಕು.

"ನಾಲ್ಕು ಸಾಲಕ್ಕೆ ಅವರು ಬೇರೆ ಜಾಮೀನುದಾರರನ್ನು ಕೊಟ್ಟರೆ, ನಿಮ್ಮ ಕಾರ್ಡಿಗೆ ನಾನೇ ಶಿಫಾರಸು ಮಾಡುತ್ತೇನೆ" ಅಂದ ಆತ. ಅತ್ತೆ "ನಡಿ, ಕೇಳಿ ಬರಮು" ಎಂದು ಎದ್ದರು.

ಮರುದಿನ ಔರಾದಿನ ಬಸ್ಸು ಹತ್ತಿದೆವು. ಅಲ್ಲಿಂದ ಜೀಪಿನಲ್ಲಿ ಚಿಂತಾಕಿ. ಗಿರಣಿಯಾಕೆ ತಲೆಯಿಂದ ಕಾಲಿನವರೆಗೆ ಹಿಟ್ಟು ಬಳಿದುಕೊಂಡು ನಿಂತಿದ್ದಳು, ಗಿರಣಿ ಗುಡುಗುತ್ತಿತ್ತು. ಅತ್ತೆಗೆ ಕೇಳಲು ಸಂಕೋಚ. ಆಮೇಲೆ ಧೈರ್ಯ ಮಾಡಿ ಅವಳ ಕಿವಿಯ ಹತ್ತಿರ ಕೂಗಿದರು. "ಬ್ಯಾರೆ ಜಾಮೀನು ಸಿಗ್ತದೇನ?"

"ಜಾಮೂನಾ?" ಆಕೆಯೂ ಕೂಗಿದಳು. "ಜಾಮೂನು ಇಲ್ರಿ ಸಿಸ್ಟರ್, ಶೇಂಗಾದ ಹೋಳಿಗಿ ಅದಾವ!"

ಹತ್ತು ನಿಮಿಷದಲ್ಲಿ ನಮ್ಮ ಮುಂದೆ ಶೇಂಗಾದ ಹೋಳಿಗೆ, ತುಪ್ಪ. ಹೊರಡುವಾಗ ಕೈಗೆ ಐದು ಸೇರು ಜೋಳದ ಹಿಟ್ಟು. ದಾರಿಯಲ್ಲಿ ನಾನು ಕೇಳಿದೆ, "ಮತ್ತೊಮ್ಮಿ ಕೇಳಬೇಕಿತ್ತಲ್ಲ ಅತ್ತಿ?"

"ಬಾಯಾಗ ಹೋಳಿಗಿ ಇತ್ತು, ಹ್ಯಾಂಗ ಕೇಳ್ಲಿ?"

ಅಲ್ಲಿಂದ ಡಾಬಕಾ. ಎಮ್ಮೆಯವನ ಮುದಿ ತಾಯಿ ಅತ್ತೆಯನ್ನು ನೋಡಿದ್ದೇ ನೆಟಿಗೆ ಮುರಿದು, "ಸಿಸ್ಟರ್ ಬಂದ್ಲು!" ಎಂದು ಸಂಭ್ರಮಪಟ್ಟಳು. ಹಿತ್ತಿಲಿನಿಂದ ಮಗ ಕೂಗಿದ, "ಎಲ್ಲಿಗಿ ಬರ್ತಾಳಬೇ? ಸಿಸ್ಟರ್ ಇಲ್ಲೇ ಅದಾಳ, ಹಿಂಡ್ಲತೇನಿ!" ವಿಚಾರಿಸಿದರೆ, ಮನೆಯ ಹಿರಿಯ ಎಮ್ಮೆಗೆ ಸಿಸ್ಟರ್ ಎಂದು ಹೆಸರಿಟ್ಟಿದ್ದರು. ಅತ್ತೆಗೆ ಸಿಟ್ಟು ಬಂತೇ? ಹೋಗಿ ಆ ಎಮ್ಮೆಯ ಹಣೆ ಸವರಿ, "ಎಷ್ಟು ಕೊಡ್ತಾಳ?" ಎಂದು ಕೇಳಿದರು. "ಹೊತ್ತಿಗಿ ಐದು ಲೀಟರ್‌ರಿ." ಅತ್ತೆಯ ಮುಖದಲ್ಲಿ ಎಂಥ ಹೆಮ್ಮೆ! ಎಂಟುನೂರ ಮೂವತ್ತೊಂದು ಬಂದಾಗಲೂ ನಾನು ಅದನ್ನು ಕಂಡಿರಲಿಲ್ಲ.

ಇಲ್ಲಿ ಮಾತ್ರ ನಾನು ತಡೆಯಲಿಲ್ಲ. ಕಾರ್ಡಿನ ಕಥೆಯನ್ನೆಲ್ಲ ನಾನೇ ಹೇಳಿಬಿಟ್ಟೆ. ಆತ ಕೈಯಲ್ಲಿದ್ದ ಚರಿಗೆ ಕೆಳಗಿಟ್ಟ. ಆಮೇಲೆ ನಿಧಾನವಾಗಿ ಅಂದ, "ಬ್ಯಾರೆ ಜಾಮೀನು ನಮಗ ಯಾರ್ ನಿಲ್ತಾರ್ರಿ? ಆದರ ನಿಮ್ಮ ಕೆಲಸ ನಿಂದರಬಾರ್ದು. ಬರೂ ಸಂತಿಗಿ ಎರಡು ಎಮ್ಮಿ ಮಾರ್ತೇನಿ. ಸಾಲ ಮುಟ್ಟಸಿ ನಿಮ್ಮ ಹೆಸರು ಬಿಡಸ್ತೇನಿ." ಅವನ ತಾಯಿ "ಹೂಂ, ಮಾರು" ಎಂದಳೇ ಹೊರತು ಒಂದು ಕ್ಷಣವೂ ತಡೆಯಲಿಲ್ಲ.

ಅತ್ತೆ ಅವನ ಮೇಲೆ ಹರಿಹಾಯ್ದರು. "ಹುಚ್ಚ ಇದ್ದಿ ಏನ? ನೀ ಎಮ್ಮಿ ಮಾರಿದ ಮ್ಯಾಲ ನಾ ಕಾರ್ಡ್ ತಗೊಂಡು ಏನ್ ಮಾಡ್ಲಿ, ಅದರದು ಹಾಲು ಹಿಂಡ್ಲಾ?" ಆಮೇಲೆ ನನ್ನ ಕಡೆ ತಿರುಗಿದರು. "ನಿನಗ ಯಾರ್ ಹೇಳಂದಾರ? ಸಾಲಿ ಮಾಸ್ತರಿಕಿ ಇಲ್ಲೂ ಮಾಡ್ತಿ?"

ಉಳಿದ ಊರುಗಳಿಗೆ ಹೋಗಲೇ ಇಲ್ಲ. ಜೀಪಿನಲ್ಲಿ ವಾಪಸ್ ಬರುವಾಗ ಇಬ್ಬರ ನಡುವೆ ಹಿಟ್ಟಿನ ಚೀಲ, ಕಾಲ ಬಳಿ ಹಾಲಿನ ಕ್ಯಾನು. ಅತ್ತೆ ಹೊರಗೆ ಕಟಾವಾದ ತೊಗರಿ ಹೊಲ ನೋಡುತ್ತ ಕೂತಿದ್ದರು. ಅವರಿಗೆ ಆ ಕಾರ್ಡು ನಿಜಕ್ಕೂ ಬೇಕಾಗಿತ್ತು ಎಂದು ನನಗೆ ಆಗ ಅನ್ನಿಸಿತು. ರಿಯಾಯಿತಿಗಲ್ಲ. ಒಬ್ಬಳೇ ಹೆಣ್ಣಾಗಿ ಇಷ್ಟು ವರ್ಷ ಯಾರ ಮುಂದೆಯೂ ಕೈಚಾಚದೆ ಬದುಕಿದ್ದನ್ನು ಯಾರಾದರೂ ಒಂದು ಗಟ್ಟಿ ಕಾರ್ಡಿನ ಮೇಲೆ ಹೆಸರು ಒತ್ತಿ ಒಪ್ಪಿಕೊಳ್ಳಲಿ ಎಂದು ಅವರಿಗೆ ಆಸೆಯಿತ್ತು.

ಬ್ಯಾಂಕಿಗೆ ಹೋಗಿ, "ಕಾರ್ಡ್ ಬ್ಯಾಡ್ರಿ" ಅಂದರು. ಅಧಿಕಾರಿಯೇ ಹೆಚ್ಚು ಬೇಜಾರಾದ. "ಮೂರು ಸಾಲಕ್ಕಾದರೂ ಸಿಗಲಿಲ್ಲವಾ ಅಮ್ಮ?" ಎಂದು ಕೇಳಿದ. "ಕೇಳಲಾಕ ಆಗಲಿಲ್ಲ. ನಿಮ್ಮ ತಪ್ಪೇನಿಲ್ಲಪ್ಪ. ನಿದ್ದಿ ಹ್ಯಾಂಗದ?" ಅಂಬಲಿಯಿಂದ ನಿದ್ದೆ ಬಂದಿತ್ತಂತೆ. ಆತ ಎದ್ದು, ಗಿರಾಕಿಗಳ ಸಾಲನ್ನು ಬಿಟ್ಟು, ಹೊರಗಿನ ಮೆಟ್ಟಿಲಿನವರೆಗೆ ನಮ್ಮನ್ನು ಕಳಿಸಲು ಬಂದ. ಕಾರ್ಡು ಸಿಕ್ಕವರನ್ನು ಯಾವ ಬ್ಯಾಂಕಿನವರೂ ಮೆಟ್ಟಿಲಿನವರೆಗೆ ಬಂದು ಕಳಿಸಿದ್ದು ನನಗೆ ಗೊತ್ತಿಲ್ಲ.

ಅಲ್ಲಿಂದ ನೇರ ಫ್ರಿಜ್ಜಿನ ಅಂಗಡಿಗೆ. ಅದೇ ಮಾರುವಾತ, ಅದೇ ನಗೆ. "ಕಾರ್ಡ್ ಸಿಕ್ತಾ ಆಂಟಿ?"

"ಇಲ್ಲ" ಎಂದು ಅತ್ತೆ ಪೂರ್ತಿ ಬೆಲೆಯನ್ನು ನಗದಾಗಿ ಅವನ ಮುಂದಿಟ್ಟರು. "ನನಗ ಕಾರ್ಡ್ ಕೊಡಂಗಿಲ್ಲಂತ. ಆದರ ನಿನಗ ಎಲ್ಲೇರ ಜಾಮೀನು ಬೇಕಾದರ ಹೇಳು, ನಿಲ್ತೇನಿ!"

ಆತ ನಕ್ಕ. ಅತ್ತೆ ನಗಲಿಲ್ಲ. ಅವರು ಖರೇನೇ ಹೇಳಿದ್ದರು!

ಮಧ್ಯಾಹ್ನ ಹೊಸ ಫ್ರಿಜ್ ಮನೆಗೆ ಬಂತು. ಮೂರು ಮನೆಗಳಿಂದ ಸಾಮಾನು ಹೊತ್ತು ತಂದು ಜೋಡಿಸಿದೆ. ಅತ್ತೆ ರೊಟ್ಟಿ ತಟ್ಟುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಕುದಿಯುತ್ತಿತ್ತು.

"ಅತ್ತಿ, ಏಳು ಮಂದಿಗಿ ಜಾಮೀನು ನಿಂತೀರಿ, ಮನ್ಯಾಗ ಒಬ್ಬರಿಗೂ ಹೇಳಿಲ್ಲ. ಇದರಾಗ ಒಬ್ಬರು ಕೈ ಎತ್ತಿದ್ರ ಏನ್ ಗತಿ?"

"ಕೈ ಎತ್ತಂಗಿಲ್ಲ. ಬಡವರಿಗಿ ಇಜ್ಜತ್ ಇರ್ತದ."

"ಇಷ್ಟು ವರ್ಷದಾಗ ಒಬ್ಬರೂ ಎತ್ತಿಲ್ಲಾ? ಖರೇ ಹೇಳ್ರಿ."

ಅತ್ತೆ ರೊಟ್ಟಿ ತಿರುವಿ ಹಾಕಿದರು. "ಒಬ್ಬರದು ನಿಂತಿತ್ತು ಒಮ್ಮಿ. ಹತ್ತು ತಿಂಗಳು. ನಾನೇ ಕಟ್ಟಿದೆ."

"ಯಾರದು?"

ಅವರು ಮುಂದಿನ ರೊಟ್ಟಿಯ ಹಿಟ್ಟು ನಾದತೊಡಗಿದರು. ನಾನು ಬಿಡಲಿಲ್ಲ. ಅಂಥ ಮೋಸಗಾರರ ಹೆಸರು ಗೊತ್ತಾಗಲೇಬೇಕು ಎಂದು ಹಟ ಹಿಡಿದೆ. ನಾನು ಆಡಿದ ಮಾತು ಅವರಿಗೆ ಸಹಿಸಲಾಗಲಿಲ್ಲವೋ ಏನೋ, "ಮೋಸ ಅನಬ್ಯಾಡ" ಎಂದು ನನ್ನನ್ನು ತಡೆದರು. "ಅಕಿ ಹೊಟ್ಟಿಲಿಂದ ಇದ್ಲು. ಕಲಸೋ ಸಾಲಿ ಬಂದ್ ಬಿದ್ದು ನೌಕರಿ ಹೋಗಿತ್ತು. ಬಿ.ಎಡ್. ಸಾಲದ ಕಂತು ಹ್ಯಾಂಗ ಕಟ್ಟಬೇಕು ಅಂತ ಅಪ್ಪನ ಮುಂದ ಕೂತು ಅತ್ತಿದ್ಲಂತ. ಅಂವ, ನಾ ನೋಡ್ಕೋತೇನಿ ತಗೋ, ಅಂತ ಹೇಳಿ ನನ್ನ ಕಡಿ ಬಂದ."

ನನ್ನ ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಅಪ್ಪ ಹೋಗಿ ಆರು ವರ್ಷವಾಯಿತು. ಬಡಗಿ ಕೆಲಸದ ಆ ಮನುಷ್ಯ ಆ ವರ್ಷದ ಕಂತನ್ನು ಎಲ್ಲಿಂದ ಕಟ್ಟಿದನೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಸಾಲದ ಕಾಗದಕ್ಕೆ ಅಪ್ಪ ತೋರಿಸಿದಲ್ಲಿ ಸಹಿ ಹಾಕಿದ್ದೆ. ನನ್ನ ಸಹಿಯ ಕೆಳಗೆ ಇನ್ನೊಂದು ಸಹಿ ಯಾರದು ಎಂದು ನೋಡಿರಲಿಲ್ಲ.

"ಅತ್ತಿ, ನನಗ ಒಂದು ಮಾತು ಹೇಳಬಾರದಿತ್ತಾ? ನಾ ತಿರುಗಿ ಕೊಡ್ತಿದ್ದೆನಲ್ಲ..."

"ಅದಕ್ಕೇ ಹೇಳಿಲ್ಲ" ಅಂದರು. ಒಲೆ ಸಣ್ಣ ಮಾಡಿ, ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಹನ್ನೊಂದನೇ ಕಂತು ಕಟ್ಟಲಾಕ ನಾ ಬ್ಯಾಂಕಿಗಿ ಹೋದೆ. ಅಲ್ಲಿ ಮುಂದ ನೀ ನಿಂತಿದ್ದಿ. ಕಂಕುಳಾಗ ಎರಡು ತಿಂಗಳ ಕೂಸು, ಕೈಯಾಗ ಹೊಸ ನೌಕರಿ ಮೊದಲ ಪಗಾರ. ಬಿಸಿಲಾಗ ಭಾಲ್ಕಿಲಿಂದ ಬಸ್ ಹತ್ತಿ ಬಂದಿದ್ದಿ. ನನಗ ನೀ ನೋಡಲಿಲ್ಲ. ನಾ ಕಂಬದ ಹಿಂದ ಸರದು ನಿಂತೆ."

"ಯಾಕ?"

"ಯಾಕಂದರ? ನಮ್ಮ ಮನಿ ಹುಡುಗಿ ತನ್ನ ದುಡಿಮಿ ತಾನು ಎಣಿಸಿ ಕೊಡ್ಲತಿದ್ಲು. ಕಣ್ಣು ತುಂಬ ನೋಡಬೇಕು ಅನಿಸ್ತು, ನೋಡಿದೆ."

ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಿ, ಮೇಲೊಂದು ಬೆಣ್ಣೆಯ ಉಂಡೆ ಇಟ್ಟು ನನ್ನ ಮುಂದೆ ಸರಿಸಿದರು.